ಮುಖ ನೋಡಬೇಡಿ, ಕೈ ನೋಡಿ

ದೀಪಾವಳಿಗೆ ಮನೆಯ ಧೂಳು ಹೊಡೆಯುವಾಗ ಗೋಡೆಯ ಮೇಲಿನ ಪಟಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಮೊಳೆಗೆ ಹಾಕುವುದು ನನ್ನ ಪಾಲಿನ ಕೆಲಸ. ಈ ಸಲ ಆರನೇ ಕ್ಲಾಸಿನ ಮೊಮ್ಮಗಳು ಸ್ಟೂಲು ಹಿಡಿದುಕೊಳ್ಳಲು ಬಂದಿದ್ದಳು. ನಡುಮನೆಯ ಬಾಗಿಲ ಮೇಲಿದ್ದ ನನ್ನ ಮುತ್ತಜ್ಜ-ಮುತ್ತಜ್ಜಿಯ ಫೋಟೋ ಇಳಿಸಿ ಅವಳ ಕೈಗೆ ಕೊಟ್ಟೆ. ಗಾಜಿನ ಮೇಲೆ ಬಾಯಿಂದ ಹಬೆ ಊದಿದಳು, ಬಟ್ಟೆಯಿಂದ ಉಜ್ಜಿದಳು, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ತಾತಾ, ಇವರಿಬ್ಬರೂ ಜಗಳ ಆಡ್ಕೊಂಡಿದ್ರಾ?"

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುತ್ತಜ್ಜ ಕುರ್ಚಿಯಲ್ಲಿ ಕೂತಿದ್ದಾರೆ. ತಲೆಗೆ ಪೇಟ, ಕೊರಳವರೆಗೆ ಗುಂಡಿ ಹಾಕಿದ ಮುಚ್ಚುಕೋಟು, ಎರಡೂ ಕೈ ಮೊಣಕಾಲಿನ ಮೇಲೆ. ಮುತ್ತಜ್ಜಿ ಪಕ್ಕದಲ್ಲಿ ನಿಂತು ಒಂದು ಕೈಯನ್ನು ಕುರ್ಚಿಯ ಬೆನ್ನಿನ ಮೇಲೆ ಇಟ್ಟಿದ್ದಾರೆ. ಇಬ್ಬರ ನಡುವೆ ಒಂದು ಬೆಕ್ಕು ಆರಾಮವಾಗಿ ಓಡಾಡಬಹುದು. ಇಬ್ಬರ ಮುಖದಲ್ಲೂ ನಗುವಿನ ಸುಳಿವಿಲ್ಲ. ಅಪ್ಪ-ಅಮ್ಮ ಕೆನ್ನೆಗೆ ಕೆನ್ನೆ ತಾಗಿಸಿ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳುವುದನ್ನು ದಿನವೂ ನೋಡುವ ಮಗುವಿಗೆ ಇದು ಜಗಳದ ಮಾರನೇ ದಿನದ ಚಿತ್ರದಂತೆ ಕಂಡರೆ ಆಶ್ಚರ್ಯವಿಲ್ಲ.

ನಾನು ಉತ್ತರ ಹುಡುಕುತ್ತಿರುವಾಗಲೇ ಎರಡನೆಯ ಪ್ರಶ್ನೆ ಬಂತು. "ಈ ಅಜ್ಜಿ ಹೆಸರೇನು?"

ಮುತ್ತಜ್ಜನ ಹೆಸರು ಗೊತ್ತಿತ್ತು. ಅವರ ಹೆಸರೇ ನಮ್ಮ ತಂದೆಗೂ ಇಟ್ಟಿದ್ದರು. ಆದರೆ ಈಕೆಯ ಹೆಸರು? ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು, "ಹೆಸರು ಪೂರ್ತಿ ಬರೀರಿ, ಇನಿಷಿಯಲ್ ಬಿಡಬೇಡಿ" ಎಂದು ಊರಿಗೆಲ್ಲ ಹೇಳಿದ ನನಗೆ ನನ್ನ ಮುತ್ತಜ್ಜಿಯ ಹೆಸರು ಗೊತ್ತಿರಲಿಲ್ಲ. ಚೌಕಟ್ಟು ಬಿಚ್ಚಿ ಹಿಂದುಗಡೆ ನೋಡಿದೆವು. ಗೆದ್ದಲು ತಿಂದು ಉಳಿದ ಜಾಗದಲ್ಲಿ ಬಳ್ಳಿ ಬಳ್ಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟುಡಿಯೋದವನ ಮುದ್ರೆಯ ಅರ್ಧ ಇತ್ತು. ಫೋಟೋ ತೆಗೆದವನ ಗುರುತು ಉಳಿದಿತ್ತು, ತೆಗೆಸಿಕೊಂಡವರದು ಇರಲಿಲ್ಲ.

ಎರಡನೇ ಪ್ರಶ್ನೆಯನ್ನು ಆಮೇಲೆ ನೋಡೋಣ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ ಊರು ಬಿಟ್ಟು ಸ್ವಲ್ಪ ದೂರ ಹೋಗಬೇಕು. ಗಂಡ-ಹೆಂಡತಿ ಜೊತೆಯಾಗಿ ಸ್ಟುಡಿಯೋಗೆ ಹೋಗಿ, ಒಬ್ಬರು ಕೂತು ಒಬ್ಬರು ನಿಂತು ಪಟ ತೆಗೆಸಿಕೊಳ್ಳುವುದು ನಮ್ಮಲ್ಲಿ ಹುಟ್ಟಿದ ಪದ್ಧತಿಯಲ್ಲ. ಅದು ಪ್ಯಾರಿಸ್, ಲಂಡನ್‌ಗಳಲ್ಲಿ ಬೆಳೆದು, ಹಡಗು ಹತ್ತಿ ಇಲ್ಲಿಗೆ ಬಂತು.

ಪ್ಯಾರಿಸ್‌ನಲ್ಲಿ 1839ರ ಆಗಸ್ಟ್ 19ರಂದು ಲೂಯಿ ಡಾಗೇರ್ ಎಂಬಾತನ ವಿಧಾನವನ್ನು ಲೋಕಕ್ಕೆಲ್ಲ ತಿಳಿಸಿದರು. ಬೆಳ್ಳಿಯ ಲೇಪ ಕೊಟ್ಟ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುವ ವಿಧಾನ ಅದು. ಮೊದಮೊದಲು ಒಂದು ಚಿತ್ರಕ್ಕೆ ಹಲವು ನಿಮಿಷ ಬೇಕಾಗುತ್ತಿತ್ತು. ಕಟ್ಟಡಗಳಿಗೆ ತೊಂದರೆಯಿಲ್ಲ, ಅವು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತವೆ. ಮನುಷ್ಯರ ಪಾಡು ಬೇರೆ. ಆಮೇಲೆ 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಇಂಗ್ಲಿಷಿನವನು ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಹರಡಿ ಚಿತ್ರ ತೆಗೆಯುವುದನ್ನು ಕಂಡುಹಿಡಿದ. ಒಂದು ಗಾಜಿನಿಂದ ಎಷ್ಟು ಬೇಕಾದರೂ ಪ್ರತಿ ಮಾಡಬಹುದಿತ್ತು. ಪುಣ್ಯಾತ್ಮ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟ. ಅವನ ಗಾಜಿನಿಂದ ಊರೂರಿನ ಸ್ಟುಡಿಯೋದವರು ಹಣ ಮಾಡಿಕೊಂಡರು. ಅವನು 1857ರಲ್ಲಿ ಬಡವನಾಗಿಯೇ ತೀರಿಕೊಂಡ.

ಈಗ 1860ರ ಸುಮಾರಿನ ಲಂಡನ್ನಿನ ಒಂದು ಸ್ಟುಡಿಯೋಗೆ ಹೊಸದಾಗಿ ಮದುವೆಯಾದ ಗಂಡ-ಹೆಂಡತಿ ಹೋದರೆಂದು ಇಟ್ಟುಕೊಳ್ಳಿ. ಮೊದಲು ಮೆಟ್ಟಿಲು ಹತ್ತಬೇಕು. ಸ್ಟುಡಿಯೋ ಇರುತ್ತಿದ್ದುದು ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲಿ. ವಿದ್ಯುತ್ ದೀಪ ಇಲ್ಲದ ಕಾಲ, ಬೆಳಕೆಲ್ಲ ಸೂರ್ಯನದೇ. ಆದ್ದರಿಂದ ಮಾಡಿಗೆ, ಒಂದು ಕಡೆಯ ಗೋಡೆಗೆ ಗಾಜು ಹಾಕಿರುತ್ತಿದ್ದರು. ಅದೂ ಉತ್ತರ ದಿಕ್ಕಿಗೆ. ಬಿಸಿಲು ನೇರವಾಗಿ ಬಿದ್ದರೆ ಮುಖದ ಮೇಲೆ ಕಪ್ಪು ನೆರಳು ಬೀಳುತ್ತದೆ, ಉತ್ತರದಿಂದ ಬರುವ ಬೆಳಕು ಹದವಾಗಿರುತ್ತದೆ. ಮೋಡ ಕವಿದರೆ ಕಾಯಬೇಕು. ಮಂಜು ಮುಸುಕಿದ ದಿನ ವಾಪಸ್ ಹೋಗಬೇಕು.

ಉಡುಪಿನಲ್ಲೂ ಒಂದು ಪೇಚಾಟ. ಆ ಗಾಜಿನ ಲೇಪಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ತಿಳಿ ನೀಲಿ ಲಂಗ ತೊಟ್ಟು ಬಂದರೆ ಫೋಟೋದಲ್ಲಿ ಬೆಳ್ಳಗೆ, ಕೆಂಪು ಲಂಗ ತೊಟ್ಟು ಬಂದರೆ ಸಾವಿನ ಮನೆಗೆ ಹೊರಟಂತೆ ಕಪ್ಪಗೆ. ನಮ್ಮ ದೇಶದ ಹಳೆಯ ಫೋಟೋಗಳಲ್ಲಿ ಅಜ್ಜಿಯರ ಹಣೆಯ ಕುಂಕುಮ ಕರೀ ಬೊಟ್ಟಿನಂತೆ ಕಾಣುವುದಕ್ಕೂ ಇದೇ ಕಾರಣ.

ಇನ್ನು ಒಳಗೆ ಕತ್ತಲೆ ಕೋಣೆಯಲ್ಲಿ ಒಬ್ಬ ಗಾಜು ಸಿದ್ಧ ಮಾಡುತ್ತಾನೆ. ನೀರುದೋಸೆಯ ಹಿಟ್ಟನ್ನು ಕಾವಲಿಯ ಮೇಲೆ ಹುಯ್ದು, ಕಾವಲಿಯನ್ನೇ ಓರೆ ಮಾಡಿ ನಾಲ್ಕೂ ಮೂಲೆಗೆ ಹರಿಸಿದಂತೆ, ಗಾಜಿನ ಮೇಲೆ ಕೊಲೋಡಿಯನ್ ಹರಿಸಬೇಕು. ಆಮೇಲೆ ಬೆಳ್ಳಿಯ ಉಪ್ಪಿನ ನೀರಿನಲ್ಲಿ ಕೆಲವು ನಿಮಿಷ ಅದ್ದಬೇಕು. ಆ ನೀರು ಬೆರಳಿಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗದು. ಫೋಟೋದವನನ್ನು ಆ ಕಾಲದಲ್ಲಿ ಬೆರಳು ನೋಡಿಯೇ ಗುರುತಿಸಬಹುದಿತ್ತು. ಗಾಜು ಇನ್ನೂ ಒದ್ದೆಯಿರುವಾಗಲೇ ಕ್ಯಾಮೆರಾಗೆ ಹಾಕಿ, ಚಿತ್ರ ತೆಗೆದು, ಮತ್ತೆ ಕತ್ತಲೆ ಕೋಣೆಗೆ ಓಡಬೇಕು. ಒಣಗಿದರೆ ಕೆಲಸ ಕೆಟ್ಟಿತು. ಎಲ್ಲ ಸೇರಿ ಹತ್ತು-ಹದಿನೈದು ನಿಮಿಷದೊಳಗೆ ಮುಗಿಯಬೇಕು.

ಅಷ್ಟರಲ್ಲಿ ಹೊರಗೆ ಆ ದಂಪತಿಯ ಹಿಂದೆ ಕಬ್ಬಿಣದ ಕಂಬಗಳು ಬಂದು ನಿಂತಿರುತ್ತವೆ. ಕೆಳಗೆ ಭಾರವಾದ ಪಾದ, ಮೇಲೆ ಏರಿಸಿ ಇಳಿಸಬಹುದಾದ ಸಲಾಕೆ, ಅದರ ತುದಿಗೆ ಇಕ್ಕಳದಂಥ ಎರಡು ಬೆರಳು. ಅದನ್ನು ತಲೆಯ ಹಿಂಭಾಗಕ್ಕೆ ತಾಗಿಸಿ ತಿರುಪು ಬಿಗಿ ಮಾಡುತ್ತಾರೆ. ತಲೆ ಅಲುಗಬಾರದಲ್ಲ, ಅದಕ್ಕೆ. "ಈಗ ಇಲ್ಲಿ ನೋಡಿ" ಎಂದು ಹೇಳಿ ಮಸೂರದ ಮುಚ್ಚಳ ತೆಗೆದು ಎಣಿಸಲು ಶುರು ಮಾಡುತ್ತಾನೆ. ಒಳ್ಳೆಯ ಬೆಳಕಿದ್ದರೆ ಐದಾರು ಸೆಕೆಂಡು, ಮಂದವಾಗಿದ್ದರೆ ಹದಿನೈದು, ಇಪ್ಪತ್ತು. ಆಮೇಲೆ ಮುಚ್ಚಳ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು.

ಮಕ್ಕಳೇ, ಪತ್ರಿಕೆ ಪಕ್ಕಕ್ಕಿಟ್ಟು ಕನ್ನಡಿಯ ಮುಂದೆ ನಿಂತು ಹದಿನೈದು ಎಣಿಸುವವರೆಗೆ ಒಂದೇ ಸಮನೆ ನಗುತ್ತಾ ಇರಿ ನೋಡೋಣ. ಏಳಕ್ಕೆ ಬರುವಷ್ಟರಲ್ಲಿ ಕೆನ್ನೆ ನಡುಗುತ್ತದೆ. ಹತ್ತಕ್ಕೆ ಅದು ನಗುವೋ ಹಲ್ಲುನೋವೋ ಗೊತ್ತಾಗುವುದಿಲ್ಲ. ಸುಮ್ಮನೆ ಗಂಭೀರವಾಗಿ ನೋಡುವುದೇ ಸುಲಭ. ನಮ್ಮ ಮೊಮ್ಮಗಳು ಒಂಬತ್ತರವರೆಗೆ ಹೋಗಿ ಬಿದ್ದುಬಿದ್ದು ನಕ್ಕಳು.

ಈ ಕಬ್ಬಿಣದ ಕಂಬದ ಬಗ್ಗೆ ಈಗ ಒಂದು ಸುಳ್ಳು ಸುದ್ದಿ ಓಡಾಡುತ್ತಿದೆ. ಹಳೆಯ ಫೋಟೋಗಳಲ್ಲಿ ಕಾಲುಗಳ ಹಿಂದೆ ಆ ಕಂಬದ ಪಾದ ಕಾಣುತ್ತದಲ್ಲ, ಅದನ್ನು ತೋರಿಸಿ, "ಇದು ಹೆಣ ನಿಲ್ಲಿಸಿ ತೆಗೆದ ಫೋಟೋ" ಎಂದು ಫೋನಿನಲ್ಲಿ ಕಳಿಸುತ್ತಾರೆ. ನನಗೂ ಎರಡು ಸಲ ಬಂದಿದೆ. ಆ ಕಂಬಕ್ಕೆ ಮನುಷ್ಯನ ಭಾರ ತಡೆಯುವ ಶಕ್ತಿಯೇ ಇರಲಿಲ್ಲ. ಬದುಕಿರುವವರ ತಲೆ ಅಲುಗದಿರಲಿ ಎಂದಷ್ಟೇ ಅದು. ತೀರಿಕೊಂಡವರ ಫೋಟೋ ತೆಗೆಸುವ ರೂಢಿ ಆಗ ಇದ್ದದ್ದು ನಿಜ, ಆದರೆ ಅವರನ್ನು ಸಾಮಾನ್ಯವಾಗಿ ಮಲಗಿಸಿಯೇ ತೆಗೆಯುತ್ತಿದ್ದರು.

ಕಂಬ, ಗಡಿಯಾರ ಎರಡರ ಮೇಲೇ ತಪ್ಪು ಹಾಕಿದರೂ ಸರಿಯಾಗದು. 1880ರ ಹೊತ್ತಿಗೆ ಒಣ ಗಾಜಿನ ಪ್ಲೇಟುಗಳು ಅಂಗಡಿಯಲ್ಲಿ ಸಿಗತೊಡಗಿದವು. ಒಂದೆರಡು ಸೆಕೆಂಡಿನಲ್ಲಿ, ಕೆಲವೊಮ್ಮೆ ಅದಕ್ಕಿಂತ ಬೇಗ ಫೋಟೋ ಆಗುತ್ತಿತ್ತು. ಆದರೂ ಯಾರೂ ನಗಲಿಲ್ಲ! ಏಕೆಂದರೆ ಅದಕ್ಕೆ ಮೊದಲು ಶ್ರೀಮಂತರು ಚಿತ್ರಕಾರನ ಮುಂದೆ ಕೂತು ಬಣ್ಣದ ಚಿತ್ರ ಬರೆಸಿಕೊಳ್ಳುತ್ತಿದ್ದಾಗಲೂ ಗಂಭೀರವಾಗಿಯೇ ಕೂರುತ್ತಿದ್ದರು. ಸ್ಟುಡಿಯೋಗೆ ಬಂದ ಸಾಧಾರಣ ಜನ ಅದನ್ನೇ ಅನುಸರಿಸಿದರು. ಜೀವಮಾನದಲ್ಲಿ ಒಂದೇ ಒಂದು ಫೋಟೋ, ಮಕ್ಕಳು ಮೊಮ್ಮಕ್ಕಳೆಲ್ಲ ನೋಡುವಂಥದ್ದು. ಅದರಲ್ಲಿ ಹಲ್ಲುಕಿರಿದುಕೊಂಡು ಇರುವುದೇ? ನಮ್ಮ ಮುತ್ತಜ್ಜನೂ ಹಾಗೇ ಅಂದುಕೊಂಡಿರಬೇಕು.

ಅಲ್ಲಿ ಸಾಧಾರಣ ಜನರೂ ಸ್ಟುಡಿಯೋ ಮೆಟ್ಟಿಲು ಹತ್ತುವಂತಾದದ್ದಕ್ಕೆ ಕಾರಣ ಪ್ಯಾರಿಸ್‌ನ ದಿಸ್ದೇರಿ ಎಂಬ ಜಾಣ. ಒಂದು ದೊಡ್ಡ ಗಾಜಿಗೆ ಒಂದೇ ಫೋಟೋ ಏಕೆ ತೆಗೆಯಬೇಕು, ಹಲವು ಮಸೂರಗಳ ಕ್ಯಾಮೆರಾದಿಂದ ಎಂಟು ಸಣ್ಣ ಫೋಟೋ ತೆಗೆದರಾಯಿತಲ್ಲ ಎಂದು ಯೋಚಿಸಿ 1854ರಲ್ಲಿ ಪೇಟೆಂಟ್ ಪಡೆದ. ಒಂದೇ ಕಾಗದದಲ್ಲಿ ಎಂಟನ್ನೂ ಅಚ್ಚು ಹಾಕಿ, ಕತ್ತರಿಸಿ, ಸುಮಾರು ನಾಲ್ಕು ಇಂಚು ಉದ್ದ ಎರಡೂವರೆ ಇಂಚು ಅಗಲದ ರಟ್ಟಿಗೆ ಅಂಟಿಸಿಕೊಟ್ಟ. ವಿಸಿಟಿಂಗ್ ಕಾರ್ಡಿನಂತಿದ್ದುದರಿಂದ ಅದಕ್ಕೆ ಕಾರ್ತ್ ದ ವಿಸೀತ್ ಎಂದೇ ಹೆಸರು. ಖರ್ಚು ಇಳಿಯಿತು. ಅಂಗಡಿಯವರು, ಗುಮಾಸ್ತರು, ಸಿಪಾಯಿಗಳು ಎಲ್ಲರೂ ಬಂದರು. ಗುಮಾಸ್ತರೂ ಬಂದರು ಎನ್ನುವುದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಕಾರ್ಡುಗಳನ್ನು ನೆಂಟರಿಷ್ಟರಿಗೆ ಹಂಚುವುದು, ಅವರು ಕೊಟ್ಟದ್ದನ್ನು ಆಲ್ಬಮ್ಮಿನಲ್ಲಿ ತೂರಿಸಿಡುವುದು, ಮನೆಗೆ ಬಂದವರಿಗೆ ಆಲ್ಬಮ್ ತೋರಿಸುವುದು ಎಲ್ಲ ಅಲ್ಲಿಂದ ಬಂತು. ದಿಸ್ದೇರಿ ಲಕ್ಷಗಟ್ಟಲೆ ಗಳಿಸಿ ಎಲ್ಲ ಕಳೆದುಕೊಂಡು 1889ರಲ್ಲಿ ಬರಿಗೈಯಲ್ಲಿ ತೀರಿಕೊಂಡ.

ಫೋಟೋ ಅಚ್ಚು ಹಾಕುತ್ತಿದ್ದ ಆ ಕಾಗದದ ಕಥೆ ಹೇಳದಿದ್ದರೆ ನನಗೆ ಊಟ ಸೇರದು. 1850ರಿಂದ ಆ ಶತಮಾನದ ಕೊನೆಯವರೆಗೂ ಹೆಚ್ಚಾಗಿ ಬಳಸಿದ್ದು ಆಲ್ಬುಮೆನ್ ಕಾಗದ. ಆಲ್ಬುಮೆನ್ ಎಂದರೆ ಕೋಳಿಮೊಟ್ಟೆಯ ಬಿಳಿ! ಅದನ್ನು ಉಪ್ಪಿನೊಂದಿಗೆ ಕಡೆದು, ತಿಳಿಯಾಗಲು ಬಿಟ್ಟು, ತೆಳು ಕಾಗದಕ್ಕೆ ಸವರುತ್ತಿದ್ದರು. ಅದಕ್ಕೇ ಆ ಹೊಳಪು. ಜರ್ಮನಿಯ ಡ್ರೆಸ್ಡನ್ ಪಟ್ಟಣದ ಕಾರ್ಖಾನೆಗಳಲ್ಲಿ ದಿನಕ್ಕೆ ಸಾವಿರಾರು ಮೊಟ್ಟೆ ಒಡೆಯುತ್ತಿದ್ದರು. ಉಳಿದ ಹಳದಿ ಚರ್ಮ ಹದ ಮಾಡುವವರಿಗೆ ಹೋಗುತ್ತಿತ್ತು. ಹಳೆಯ ಫೋಟೋ ಕಂದು ಬಣ್ಣದ್ದಾಗಿ, ಬಿಳಿಯ ಭಾಗ ಹಳದಿ ತಿರುಗಿದ್ದರೆ ಅದು ಬಹುಮಟ್ಟಿಗೆ ಆಲ್ಬುಮೆನ್. ನಮ್ಮದೂ ಹಾಗೇ ಇದೆ. ಇದನ್ನು ನಾನು ಊಟದ ಹೊತ್ತಿನಲ್ಲಿ ಹೇಳಿದಾಗ ನಮ್ಮಾಕೆ ಸಾರಿನ ಸೌಟು ಹಿಡಿದು ಹಾಗೇ ನಿಂತರು. ಮಡಿಯುಟ್ಟು ಅಡುಗೆ ಮಾಡುತ್ತಿದ್ದ, ಈರುಳ್ಳಿಯನ್ನೂ ಒಳಗೆ ಸೇರಿಸದ ಮನೆತನ ನಮ್ಮದು. ಆ ಮುತ್ತಜ್ಜಿ ನೂರು ವರ್ಷದಿಂದ ಮೊಟ್ಟೆಯ ಮೇಲೆ ನಿಂತಿದ್ದಾರೆ! "ಹೋಗ್ಲಿ ಬಿಡಿ, ಅವರಿಗೆ ಗೊತ್ತಿರಲಿಲ್ಲ" ಎಂದು ನಮ್ಮಾಕೆ ಮಾಫಿ ಮಾಡಿದರು.

ಸರಿ, ಒಬ್ಬರು ಕೂತು ಒಬ್ಬರು ನಿಲ್ಲುವುದು ಏಕೆ? "ಗಂಡಸು ಯಜಮಾನ, ಅದಕ್ಕೇ ಕೂತಿದ್ದಾನೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರಿದ್ದಾರೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಹೆಂಡತಿ ಕೂತು ಗಂಡ ನಿಂತಿರುವ ಚಿತ್ರಗಳೂ ಬೇಕಾದಷ್ಟಿವೆ. ಎತ್ತರದ ಗಂಡ, ಕುಳ್ಳಗಿನ ಹೆಂಡತಿ ಇಬ್ಬರೂ ನಿಂತರೆ ತಲೆಗಳು ದೂರ ದೂರ ಆಗುತ್ತವೆ, ಸಣ್ಣ ಕಾರ್ಡಿನಲ್ಲಿ ಮುಖಗಳು ಇನ್ನೂ ಸಣ್ಣದಾಗುತ್ತವೆ. ಒಬ್ಬರನ್ನು ಕೂರಿಸಿದರೆ ಎರಡು ತಲೆಯೂ ಹತ್ತಿರ ಬರುತ್ತವೆ. ಜೊತೆಗೆ 1860ರ ಇಂಗ್ಲಿಷ್ ಹೆಂಗಸರ ಲಂಗದೊಳಗೆ ಉಕ್ಕಿನ ಬಳೆಗಳ ಗೂಡು ಇರುತ್ತಿತ್ತು. ಅಷ್ಟು ದುಡ್ಡು ಕೊಟ್ಟು ಹೊಲಿಸಿದ ಲಂಗ ನಿಂತರೇ ಚೆನ್ನಾಗಿ ಕಾಣುವುದು.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯದು. ಆಕೆ ಆಲ್ಬರ್ಟ್‌ನನ್ನು ಮದುವೆಯಾದದ್ದು 1840ರ ಫೆಬ್ರವರಿ 10ರಂದು. ಫೋಟೋ ಎನ್ನುವುದೇ ಆಗತಾನೇ ಹುಟ್ಟಿದ್ದರಿಂದ ಮದುವೆಯ ಫೋಟೋ ಇಲ್ಲ. ಆಮೇಲೆ ಇಬ್ಬರಿಗೂ ಫೋಟೋ ಹುಚ್ಚು ಹತ್ತಿತು. 1852ರ ಜನವರಿಯಲ್ಲಿ ಮಕ್ಕಳೊಂದಿಗೆ ಕೂತು ತೆಗೆಸಿದ ಒಂದು ತಗಡಿನ ಚಿತ್ರದಲ್ಲಿ ರಾಣಿಯ ಕಣ್ಣು ಮುಚ್ಚಿಹೋಗಿತ್ತು. ರಾಣಿ ಏನು ಮಾಡಿದರು ಗೊತ್ತೇ? ತಗಡಿನ ಮೇಲಿನ ತಮ್ಮ ಮುಖವನ್ನು ತಾವೇ ಕೆರೆದು ಅಳಿಸಿಹಾಕಿದರು, ಮಕ್ಕಳ ಮುಖಗಳನ್ನು ಮುಟ್ಟಲಿಲ್ಲ. ಎರಡು ದಿನ ಬಿಟ್ಟು ಮತ್ತೆ ತೆಗೆಸಿದಾಗ ದೊಡ್ಡ ಟೋಪಿ ಹಾಕಿ, ಪಕ್ಕಕ್ಕೆ ತಿರುಗಿ ಕೂತರು. ಮುಖವೇ ಕಾಣದಂತೆ! ಫೋಟೋ ಚೆನ್ನಾಗಿಲ್ಲ ಎಂದು ಫೋನಿನಿಂದ ಅಳಿಸುವ ಹೆಣ್ಣುಮಕ್ಕಳೆಲ್ಲ ರಾಣಿಯ ವಂಶದವರೇ.

1860ರಲ್ಲಿ ಮೇಯಲ್ ಎಂಬ ಫೋಟೋಗ್ರಾಫರ್ ತೆಗೆದ ರಾಜಮನೆತನದ ಚಿತ್ರಗಳು ಸಣ್ಣ ಕಾರ್ಡುಗಳಾಗಿ ಮಾರಾಟಕ್ಕೆ ಬಂದವು. ಜನ ಮುಗಿಬಿದ್ದು ಕೊಂಡರು. ಆ ಸುಮಾರಿನ ಒಂದು ಕಾರ್ಡಿನಲ್ಲಿ ಆಲ್ಬರ್ಟ್ ಪುಸ್ತಕ ಹಿಡಿದು ಕುರ್ಚಿಯಲ್ಲಿ ಕೂತಿದ್ದಾನೆ, ವಿಕ್ಟೋರಿಯಾ ಪಕ್ಕದಲ್ಲಿ ನಿಂತಿದ್ದಾರೆ. ಯೋಚಿಸಿ ನೋಡಿ, ಅರಮನೆಯಲ್ಲಿ ರಾಣಿಯ ಎದುರು ಯಾರೂ ಕೂರುವಂತಿರಲಿಲ್ಲ, ಮಂತ್ರಿಗಳು ಕೂಡ ನಿಂತೇ ಮಾತಾಡಬೇಕು. ಅಂಥ ಚಕ್ರವರ್ತಿನಿ ಎಲ್ಲರ ಮನೆಯ ಹೆಂಡತಿಯಂತೆ ಗಂಡನ ಕುರ್ಚಿಯ ಪಕ್ಕ ನಿಂತದ್ದು ಕಾರ್ಡಿನಲ್ಲಿ ಮನೆಮನೆಗೆ ಹೋಯಿತು. ಸ್ಟುಡಿಯೋಗೆ ಬಂದ ಅಂಗಡಿಯವನ ಹೆಂಡತಿಯೂ ಹಾಗೇ ನಿಂತಳು.

1861ರ ಡಿಸೆಂಬರ್ 14ರಂದು ಆಲ್ಬರ್ಟ್ ತೀರಿಕೊಂಡ. ನಲವತ್ತೆರಡು ವರ್ಷ, ಒಂಬತ್ತು ಮಕ್ಕಳು. ಅಲ್ಲಿಂದ ಬದುಕಿದ್ದಷ್ಟೂ ಕಾಲ ರಾಣಿ ಕಪ್ಪು ಬಟ್ಟೆಯನ್ನೇ ಉಟ್ಟರು. 1863ರ ಮಾರ್ಚ್ 10ರಂದು ಹಿರಿಯ ಮಗನ ಮದುವೆ. ಆ ದಿನದ ಫೋಟೋ ಒಂದಿದೆ, ಅದೂ ಮೇಯಲ್ ತೆಗೆದದ್ದೇ. ಮದುಮಗ-ಮದುಮಗಳು ನಿಂತಿದ್ದಾರೆ. ರಾಣಿ ಕಪ್ಪುಡುಗೆಯಲ್ಲಿ ಕೂತಿದ್ದಾರೆ. ಅವರ ಜೊತೆಗೆ ಪೀಠದ ಮೇಲೆ ಆಲ್ಬರ್ಟ್‌ನ ಬಿಳಿಯ ಅಮೃತಶಿಲೆಯ ಎದೆಮಟ್ಟದ ಪ್ರತಿಮೆ. ಮದುವೆಯ ದಿನ ಮಗ-ಸೊಸೆಯನ್ನೂ ನೋಡದೆ, ಕ್ಯಾಮೆರಾವನ್ನೂ ನೋಡದೆ ರಾಣಿ ಆ ಪ್ರತಿಮೆಯನ್ನೇ ನೋಡುತ್ತಿದ್ದಾರೆ. ಹೊಸ ದಂಪತಿಯ ಫೋಟೋ ಅದು, ಆದರೆ ನನ್ನ ಕಣ್ಣಿಗೆ ಅದರಲ್ಲಿ ಇನ್ನೊಂದು ದಂಪತಿಯೇ ಕಾಣುತ್ತದೆ. ಸೊಸೆಗೆ ಹೇಗನ್ನಿಸಿತೋ ಪಾಪ.

ಈ ಹವ್ಯಾಸ ನಮ್ಮ ದೇಶಕ್ಕೆ ಬರಲು ತಡವಾಗಲಿಲ್ಲ. ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತ ಮತ್ತು ಮದರಾಸುಗಳಲ್ಲಿ 1856ರಲ್ಲಿ ಫೋಟೋ ಸಂಘಗಳೇ ಹುಟ್ಟಿಕೊಂಡವು. ಸ್ಟುಡಿಯೋಗಳು ಬಂದಾಗ ಕಂಬ, ಕುರ್ಚಿ, ಪರದೆ ಎಲ್ಲ ಅಲ್ಲಿನ ಮಾದರಿಯಲ್ಲೇ ಬಂದವು. ಅದಕ್ಕೇ ಪೇಟ ಸುತ್ತಿದ ನಮ್ಮ ಮುತ್ತಜ್ಜನ ಹಿಂದೆ ಗ್ರೀಕರ ದೇವಸ್ಥಾನದ ಕಂಬ, ಯಾವುದೋ ಕಾಣದ ಊರಿನ ಕೆರೆ ಪರದೆಯ ಮೇಲೆ ಇದೆ.

ಆದರೆ ಇಲ್ಲಿನ ತೊಡಕು ಬೇರೆಯದು. ಹೆಂಗಸರು ಪರಪುರುಷನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದೆಂದರೇನು? ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇರೆ. ಹೈದರಾಬಾದಿನ ನಿಜಾಮರ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ಇದಕ್ಕೊಂದು ಉಪಾಯ ಮಾಡಿದರು. ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು ಕ್ಯಾಮೆರಾ ಹಿಡಿದು ದೇಶಕ್ಕೇ ಹೆಸರಾದರು. 1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದರು. ಅದನ್ನು ನೋಡಿಕೊಳ್ಳುತ್ತಿದ್ದವರು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಪರದೆಯಲ್ಲಿರುವ ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಅಲ್ಲಿಗೆ ಬಂದು ಕೂರಬಹುದಿತ್ತು. ನಮ್ಮ ಕಲಬುರಗಿ, ರಾಯಚೂರು, ಬೀದರ್ ಆಗ ನಿಜಾಮರ ರಾಜ್ಯದಲ್ಲೇ ಇದ್ದವು. ಆ ಕಡೆಯ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಅಂಥ ಕಾರ್ಡು ಇದ್ದೀತು, ಹುಡುಕಿ.

ಇನ್ನು ಫೋಟೋಗ್ರಾಫರೇ ಇಲ್ಲದಿದ್ದರೆ? ಅದಕ್ಕೂ ಒಂದು ಚಿತ್ರ ಇದೆ. ಈಶಾನ್ಯದ ತ್ರಿಪುರ ರಾಜ್ಯವನ್ನು 1862ರಿಂದ 1896ರವರೆಗೆ ಆಳಿದ ಮಹಾರಾಜ ಬೀರಚಂದ್ರ ಮಾಣಿಕ್ಯರಿಗೆ ಕ್ಯಾಮೆರಾ ಎಂದರೆ ಪ್ರಾಣ. ಅಗರ್ತಲಾದ ಅರಮನೆಯಲ್ಲಿ ಕ್ಯಾಮೆರಾ ಕ್ಲಬ್ಬನ್ನೇ ಕಟ್ಟಿದ್ದರು, ರಾಣಿ ಮನಮೋಹಿನಿಯವರಿಗೂ ಫೋಟೋ ತೆಗೆಯುವುದನ್ನು ಕಲಿಸಿದ್ದರು. 1880ರ ಸುಮಾರಿನಲ್ಲಿ ಇಬ್ಬರೂ ಕೂಡಿ ತಮ್ಮ ಫೋಟೋ ತಾವೇ ತೆಗೆದುಕೊಂಡರು. ಕೂತಲ್ಲಿಂದಲೇ ಕೈಯಲ್ಲಿದ್ದ ಒಂದು ಸಲಕರಣೆಯಿಂದ ಕ್ಯಾಮೆರಾದ ಕಣ್ಣು ತೆರೆಯುವಂತೆ ಮಹಾರಾಜರು ಏರ್ಪಾಡು ಮಾಡಿದ್ದರು. ಈಗಿನವರು ಅದನ್ನು ನಮ್ಮ ದೇಶದ ಮೊದಲ ಸೆಲ್ಫಿ ಎಂದು ಕರೆಯುತ್ತಾರೆ. ಆ ಚಿತ್ರದಲ್ಲಿ ಇಬ್ಬರ ನಡುವೆ ಬೆಕ್ಕು ಓಡಾಡುವ ಜಾಗವಿಲ್ಲ. ಮಹಾರಾಜರು ರಾಣಿಯನ್ನು ತೋಳಿನಿಂದ ಬಳಸಿ ಕೂತಿದ್ದಾರೆ. ಅದೇ ಕಾಲ, ಅಂಥದೇ ಕ್ಯಾಮೆರಾ. "ಹೀಗೆ ಕೂರಿ, ಹಾಗೆ ನಿಲ್ಲಿ" ಎನ್ನುವ ಮೂರನೆಯವನು ಮಾತ್ರ ಕೋಣೆಯಲ್ಲಿರಲಿಲ್ಲ.

ಆ ಚಿತ್ರ ನೋಡಿದ ಮೇಲೆ ನಾನು ಹಳೆಯ ದಂಪತಿ ಫೋಟೋಗಳಲ್ಲಿ ಮುಖ ನೋಡುವುದನ್ನು ಬಿಟ್ಟು ಕೈ ನೋಡಲು ಶುರು ಮಾಡಿದೆ. ಮುಖ ಸ್ಟುಡಿಯೋದವನು ಹೇಳಿದಂತೆ ಕೇಳುತ್ತದೆ. ಕೈ ಅಷ್ಟು ಸುಲಭವಾಗಿ ಕೇಳುವುದಿಲ್ಲ. ಇದು ಬ್ಯಾಂಕಿನಲ್ಲೂ ನನಗೆ ಕಂಡದ್ದು. ಜಂಟಿ ಖಾತೆ ತೆರೆಯಲು ಗಂಡ-ಹೆಂಡತಿ ಬಂದಾಗ ಇಬ್ಬರದೂ ಬೇರೆ ಬೇರೆ ಫೋಟೋ ಕೇಳುತ್ತಿದ್ದೆವು. ಹಳ್ಳಿಯ ಕಡೆಯಿಂದ ಬಂದವರಲ್ಲಿ ಕೆಲವರು ಮದುವೆಯಾದ ಹೊಸತರಲ್ಲಿ ತೆಗೆಸಿದ ಒಂದೇ ಫೋಟೋವನ್ನು ಕತ್ತರಿಯಿಂದ ಎರಡು ತುಂಡು ಮಾಡಿ ತರುತ್ತಿದ್ದರು. ಫಾರಂಗೆ ಅಂಟಿಸುವಾಗ ನೋಡಿದರೆ ಗಂಡನ ತುಂಡಿನಲ್ಲಿ, ಅವನ ಹೆಗಲ ಮೇಲೆ, ಹೆಂಡತಿಯ ನಾಲ್ಕು ಬೆರಳು ಉಳಿದಿರುತ್ತಿದ್ದವು. ಮ್ಯಾನೇಜರು, "ಇದೇನ್ರೀ, ಇನ್ನೊಬ್ಬರ ಕೈ ಇದೆ" ಎಂದರೆ, "ಬಿಡಿ ಸಾರ್, ಅವರದೇ ಖಾತೆ" ಎನ್ನುತ್ತಿದ್ದೆ.

ನಮ್ಮ ಮುತ್ತಜ್ಜಿಯ ಕೈಯನ್ನೂ ನೋಡೋಣ ಎಂದು ಮೊಮ್ಮಗಳು ನನ್ನ ಭೂತಗನ್ನಡಿ ತಂದಳು. ಎಲ್ಲ ಸ್ಪಷ್ಟವಾಗಿದೆ. ಸೀರೆಯ ಅಂಚಿನ ಗೆರೆ, ಮೂಗುತಿ, ಮುತ್ತಜ್ಜನ ಕೋಟಿನ ಗುಂಡಿ. ಕುರ್ಚಿಯ ಮೇಲಿನ ಆ ಕೈ ಮಾತ್ರ ಮಸುಕು. ಬೆರಳು ಎಷ್ಟೆಂದು ಎಣಿಸಲಾಗದು, ಬಳೆಗಳು ಹೊಗೆಯಂತೆ ಕಾಣುತ್ತವೆ. ಮುಚ್ಚಳ ತೆಗೆದ ಆ ಒಂದೆರಡು ಸೆಕೆಂಡಿನಲ್ಲಿ ಕೈ ಅಲುಗಿದೆ. ಇಷ್ಟು ವರ್ಷ ಆ ಫೋಟೋ ಒರೆಸಿದ ನಾನು ಅದನ್ನು ಗಾಜಿನ ಮೇಲಿನ ಕಲೆ ಎಂದುಕೊಂಡಿದ್ದೆ.

ಸಂಜೆ ನಮ್ಮ ಸೋದರತ್ತೆಗೆ ಫೋನ್ ಮಾಡಿದೆ. ತೊಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ನನ್ನದಕ್ಕಿಂತ ಚುರುಕು. ನನಗೆ ಮುತ್ತಜ್ಜಿಯಾದವರು ಅವರಿಗೆ ಅಜ್ಜಿ. ಹತ್ತು-ಹನ್ನೆರಡು ವರ್ಷದವರಾಗುವ ತನಕ ಅವರ ಮಡಿಲಲ್ಲೇ ಬೆಳೆದವರು. ಹೆಸರು ಕೇಳಿದ ತಕ್ಷಣ ಹೇಳಿದರು. "ಅಷ್ಟೂ ಗೊತ್ತಿಲ್ವೇನೋ ನಿನಗೆ?" ಎಂದು ಬೈದರು. ಬೈಸಿಕೊಂಡೆ. ಆಮೇಲೆ ಮಸುಕಾದ ಕೈಯ ವಿಷಯ ಹೇಳಿದೆ. ಅತ್ತೆ ನಕ್ಕರು.

"ಅಯ್ಯೋ, ಆ ಪಟದ ಕಥೆ ಅಜ್ಜಿ ಎಷ್ಟು ಸಲ ಹೇಳೋರು! ಕಟ್ಟಿಗೆ ಥರ ನಿಲ್ಲು ಅಂದಿದ್ನಂತೆ ಅವ್ನು. ಎಲ್ಲಾ ಸರಿಯಾಗಿ ನಿಂತಿದ್ರಂತೆ. ಅಷ್ಟೊತ್ತಿಗೆ ಒಳಗಡೆ ಮಲಗ್ಸಿದ್ದ ಮಗು ಕಿಟಾರ್ ಅಂತ ಅಳ್ತಂತೆ."

"ಯಾವ ಮಗು, ಅತ್ತೆ?"

"ಇನ್ಯಾವ ಮಗು? ನಮ್ಮಪ್ಪ ಕಣೋ. ನಿಮ್ಮ ತಾತ!"

ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ ಮೊಮ್ಮಗಳಿಗೂ ಕೇಳಿಸಿತು. ಅವಳು ಮತ್ತೆ ಭೂತಗನ್ನಡಿ ತೆಗೆದುಕೊಂಡು ಫೋಟೋದ ಮೇಲೆ ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಹಾಗಾದ್ರೆ ಇದರಲ್ಲಿ ಮೂರು ಜನ ಇದಾರೆ, ತಾತಾ."

ಫೋಟೋ ರಟ್ಟಿನ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬಾರದು, ಶಾಯಿ ಇಳಿಯುತ್ತದೆ, ಒತ್ತಿದರೆ ಮುಂದುಗಡೆ ಗೆರೆ ಮೂಡುತ್ತದೆ. ಮೆತ್ತಗಿನ ಪೆನ್ಸಿಲ್ ತೆಗೆದುಕೊಂಡು, ಗೆದ್ದಲು ಬಿಟ್ಟಿದ್ದ ಜಾಗದಲ್ಲಿ ಮೂರು ಹೆಸರು ಬರೆದೆ, ಮುತ್ತಜ್ಜಿಯದು ಮೊದಲು. ಮಗುವಿನ ಹೆಸರಿನ ಮುಂದ�ೆ "ಒಳಗೆ ಅಳುತ್ತಿದೆ" ಎಂದು ಮೊಮ್ಮಗಳು ತನ್ನ ಅಕ್ಷರದಲ್ಲಿ ಸೇರಿಸಿದಳು. ಚೌಕಟ್ಟು ಮುಚ್ಚಿ ಸ್ಟೂಲು ಹತ್ತಿದೆ. ಅವಳು ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.